ಆರನೆಯವಳು ಆಡದ ಮಾತು

"ಹೆಸರೇ ಇಲ್ಲದವಳನ್ನ ಹೇಗಪ್ಪಾ ಹುಡುಕಿದ್ರು?"

ಇನ್‌ಸ್ಪೆಕ್ಟರ್ ಕೇಳಿದ್ದು ಯಾರನ್ನೂ ಅಲ್ಲ. ಕಾಲೇಜು ಗ್ರಂಥಾಲಯದ ಹಿಂದಿನ ಆ ಕೋಣೆಯಲ್ಲಿ ಕೇಳಿಸಿಕೊಳ್ಳಲು ಒಂದು ನರಪಿಳ್ಳೆಯೂ ಇರಲಿಲ್ಲ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಕಪಾಟಿನ ತುಂಬ ನೀಲಿ ರಟ್ಟಿನ ಸಂಶೋಧನಾ ಪ್ರಬಂಧಗಳು. ಕುಡಿತ ಮತ್ತು ಕುಟುಂಬ. ರಕ್ತಹೀನತೆ ಮತ್ತು ಶಾಲೆಯ ಹೆಣ್ಣುಮಕ್ಕಳು. ಕೊಳಚೆ ನೀರು ಮತ್ತು ಕೂಸುಗಳ ಸಾವು. ಊರಿನ ಸಂಕಟವೆಲ್ಲ ಬೆನ್ನಿಗೆ ಚಿನ್ನದ ಅಕ್ಷರ ಹಚ್ಚಿಕೊಂಡು ಸಾಲಾಗಿ ನಿಂತಿತ್ತು. ಅದನ್ನು ಈವರೆಗೆ ಓದಿದ್ದು ಧೂಳು ಮಾತ್ರ.

ಅವನ ಮುಂದೆ ಬಿಚ್ಚಿಕೊಂಡಿದ್ದ ಪ್ರಬಂಧದ ಹೆಸರು: ‘ಹಾಸಿಗೆ ಹಿಡಿದವರ ಆರೈಕೆಯಲ್ಲಿ ದುಡಿಯುವ ಮಹಿಳೆಯರ ಆರೋಗ್ಯ ಮತ್ತು ಸಾಮಾಜಿಕ ಸ್ಥಿತಿ.’

ಕಳೆದ ವಾರ ಆರೈಕೆ ಕೇಂದ್ರದ ಹಿಂಬದಿ ಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕ ಆಯಾ ಜಾರಿ ಬಿದ್ದವಳಲ್ಲ, ಯಾರೋ ತೋಳು ಹಿಡಿದು ತಳ್ಳಿದ್ದು ಎಂದು ವೈದ್ಯರ ವರದಿ ಬೆಳಿಗ್ಗೆಯಷ್ಟೇ ಹೇಳಿತ್ತು. ಅವಳು ಬಟ್ಟೆ ಇಡುತ್ತಿದ್ದ ಕಪಾಟಿನ ಬಾಗಿಲಿಗೆ ಇದೇ ಪ್ರಬಂಧದ ಒಂದು ಪುಟವನ್ನು ಯಾರೋ ಅಂಟಿಸಿದ್ದರು. ಉಳಿದ ಆಯಾಗಳಿಗೆಲ್ಲ ಕಾಣುವ ಹಾಗೆ. ಓದು ಬಾರದವರಿಗೂ ಅರ್ಥವಾಗುವ ಹಾಗೆ.

ಆ ಪುಟವನ್ನು ಅವನು ಮತ್ತೊಮ್ಮೆ ಗಟ್ಟಿಯಾಗಿ ಓದಿದ.

‘ಮಾಹಿತಿದಾರೆ ಆರು. ವಯಸ್ಸು ಐವತ್ತರ ಆಸುಪಾಸು. ವಿಧವೆ. ಓದು ನಾಲ್ಕನೆಯ ತರಗತಿ. ಮೊದಲು ಬಟ್ಟೆ ಒಗೆಯುವ ವಿಭಾಗ, ಈಗ ರೋಗಿಗಳ ಆರೈಕೆ. ಒಬ್ಬಳೇ ಮಗಳು, ದಾದಿ ತರಬೇತಿಯಲ್ಲಿದ್ದಾಳೆ.’

ಅದರ ಕೆಳಗೆ ಅವಳ ಮಾತು.

‘ಕೆಲಸದ ಒತ್ತಡದಿಂದ ನನಗೆ ದೈಹಿಕ ಹಾಗೂ ಮಾನಸಿಕ ಆಯಾಸ ಉಂಟಾಗುತ್ತದೆ. ವಿಶ್ರಾಂತಿಯ ಕೊರತೆಯಿಂದ ನಿದ್ರಾಹೀನತೆ ಕಂಡುಬರುತ್ತದೆ. ರಾತ್ರಿ ಕೂಗಾಡ್ತಾರೆ ಅಂತ ಸಂಜೆ ಹಾಲಿಗೇ ನಿದ್ದೆ ಮದ್ದು ಬೆರೆಸಿ ಕೊಡಿ ಅಂತಾರೆ, ನಾವೇ ಕುಡಿಸ್ತೀವಿ. ಕಿಟಕಿ ಪಕ್ಕದ ಮಂಚದ ಅಜ್ಜಿ ಕುಡಿದು ಮಲಗಿದವಳು ಏಳಲೇ ಇಲ್ಲ, ಮಾರನೇ ದಿನ ಆ ಮಂಚಾನ ಬಾಗಿಲ ಹತ್ರ ಎಳೆದು ಹಾಕಿದ್ರು. ಸರ್ಕಾರವು ಈ ಬಗ್ಗೆ ಸೂಕ್ತ ಗಮನ ಹರಿಸಬೇಕೆಂಬುದು ನನ್ನ ಅಭಿಪ್ರಾಯ.’

ಠಾಣೆಯವರು ಅವನನ್ನು ಬೆನ್ನ ಹಿಂದೆ ‘ಕಿವಿ ಸಾಹೇಬ’ ಎನ್ನುತ್ತಿದ್ದರು. ಬಾಯಿಗಿಂತ ಕಿವಿ ಹೆಚ್ಚು ಬಳಸುವವನು ಎಂದು. ಅವನು ಬೆಳೆದದ್ದೇ ಅಜ್ಜಿಯ ಪದ್ಯಗಳ ಮಗ್ಗುಲಲ್ಲಿ. ದೀಪ ಹಚ್ಚಿದ ಮೇಲೆ ಅಜ್ಜಿ ಕಣ್ಣು ಮುಚ್ಚಿ ಹಳೆಯ ಪದ್ಯಗಳನ್ನು ಬಾಯಿಪಾಠ ಹೇಳುವಳು. ನಡುವೆ ಒಂದು ಸಾಲು ಮರೆತರೆ ತನ್ನದೇ ಒಂದನ್ನು ಹೊಸೆದು ದಾಟಿಬಿಡುವಳು. ಗೋಡೆಗೆ ಒರಗಿ ಕೂತ ಮೊಮ್ಮಗ, "ಅಜ್ಜಿ, ಇದು ಪದ್ಯದ್ದಲ್ಲ, ನಿಂದು" ಎನ್ನುವನು. "ದೇವರು ನಿನಗೆ ಕಣ್ಣಿಗಿಂತ ಮೊದಲು ಕಿವಿ ಇಟ್ಟ ಕಣೋ" ಎಂದು ಅಜ್ಜಿ ನಗುವಳು.

ಈ ಪುಟದಲ್ಲೂ ಒಂದು ಬಾಯಿ ಮಾತಾಡುತ್ತಿರುವಾಗ ನಡುವೆ ಇನ್ನೊಂದು ಬಾಯಿ ಬಂದು ಹೋಗಿತ್ತು.

ಕಿವಿಯ ಸಾಕ್ಷಿ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಆದರೆ ನಿನ್ನೆ ಅವನು ಕೇಂದ್ರದ ಮೇಲಿನ ವಾರ್ಡಿಗೆ ಹೋಗಿದ್ದ. ಕಿಟಕಿಯ ಕೆಳಗೆ ನೆಲದ ಮೇಲೆ ಮಂಚದ ಕಾಲುಗಳು ವರ್ಷಗಟ್ಟಲೆ ಕೂತ ಗುರುತಿತ್ತು. ಮಂಚ ಮಾತ್ರ ಬಾಗಿಲ ಹತ್ತಿರವಿತ್ತು. ಹೊರಗಿನವರು ಆ ವಾರ್ಡಿಗೆ ಕಾಲಿಡುವ ಹಾಗಿಲ್ಲ ಎಂದು ಮೇಲ್ವಿಚಾರಕನೇ ಹೆಮ್ಮೆಯಿಂದ ಹೇಳಿದ್ದ. ಅಂದರೆ ಮಂಚದ ಮಾತು ಒಳಗಿನವರಿಂದಲೇ ಬಂದದ್ದು. ಆಯಾ ಸತ್ತ ಸಂಜೆ ತಾನು ಊರಲ್ಲೇ ಇರಲಿಲ್ಲ ಎನ್ನುವುದಕ್ಕೂ ಅವನು ಸಾಕ್ಷಿಗಳನ್ನು ಸಾಲಾಗಿ ನಿಲ್ಲಿಸಿದ್ದ. ಬಾಡಿಗೆ ಕೈಗೆ ಯಜಮಾನನ ಹೆಸರು ಬರೆದಿರುವುದಿಲ್ಲ.

ಬಾಗಿಲು ಕಿರುಗುಟ್ಟಿತು. ದಫೇದಾರ ಒಬ್ಬ ವಿದ್ಯಾರ್ಥಿಯ ಹೆಗಲ ಮೇಲೆ ಕೈಯಿಟ್ಟು ಒಳಗೆ ನಡೆಸಿಕೊಂಡು ಬಂದ. ನೋಡಿದವರಿಗೆ ಸೋದರಮಾವ ಅಳಿಯನನ್ನು ಕರೆತಂದ ಹಾಗೆ ಕಾಣಬೇಕು.

"ಸಾರ್, ಗಿಣಿ ಸಿಕ್ತು. ಕ್ಯಾಂಟೀನ್‌ನಲ್ಲಿತ್ತು."

"ಗಿಣಿ?"

"ಇಲ್ಲಿ ಎಲ್ಲರೂ ಹಾಗೇ ಕರೀತಾರಂತೆ. ವೇದಿಕೆ ಹತ್ತಿಸಿ ಕೈಗೆ ಏನು ಕೊಟ್ರೂ ನಿಲ್ಲದೆ ಓದ್ತಾನಂತೆ. ದಿನಸಿ ಚೀಟಿ ಕೊಟ್ರೂ ಚಪ್ಪಾಳೆ ಬರುತ್ತಂತೆ."

"ಕೂತ್ಕೋಪ್ಪಾ. ಈ ಪ್ರಬಂಧ ನಿಂದು ತಾನೆ?"

"ಹೌದು ಸಾರ್. ಫಸ್ಟ್ ಪ್ರೈಜ್ ಬಂತು."

ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತೇನೋ, ಗಿಣಿ ತಲೆ ತಗ್ಗಿಸಿದ.

"ಈ ಹೆಂಗಸರನ್ನ ಎಲ್ಲಿ ಮಾತಾಡಿಸಿದೆ?"

"ಕೇಂದ್ರದಲ್ಲೇ ಸಾರ್. ಒಳಗೆ."

"ಮೇಲಿನ ವಾರ್ಡಲ್ಲಾ?"

"ಹ್ಞೂಂ... ಹೌದು ಸಾರ್."

"ಮೇಲಕ್ಕೆ ಹೋಗೋ ಮೆಟ್ಟಿಲು ಬಲಕ್ಕಿದೆಯೋ, ಎಡಕ್ಕೋ?"

"ಬಲಕ್ಕೆ." ಇನ್‌ಸ್ಪೆಕ್ಟರನ ಮುಖ ನೋಡಿ ತಿದ್ದಿಕೊಂಡ. "ಎಡಕ್ಕೆ ಸಾರ್."

"ಮಧ್ಯದಲ್ಲಿ ಅಂತಲೂ ಒಂದು ಸಲ ಹೇಳಿಬಿಡು," ದಫೇದಾರ ಅಂದ. "ಯಾವುದಾದ್ರೂ ಒಂದು ಸರಿ ಹೋಗುತ್ತೆ."

ಇನ್‌ಸ್ಪೆಕ್ಟರ್ ಕಾದ. ಕಾಯುವುದು ಅವನಿಗೆ ಗೊತ್ತಿತ್ತು. ಮೌನ ಒಂದು ಮಟ್ಟ ಮೀರಿ ಬೆಳೆದರೆ ತಪ್ಪಿತಸ್ಥನೇ ಅದನ್ನು ಮುರಿಯುತ್ತಾನೆ.

"ಸಂದರ್ಶಕರ ಕೋಣೆ ದಾಟೋಕೆ ಬಿಡಲಿಲ್ಲ ಸಾರ್. ಒಬ್ಬರೂ ಮಾತಾಡಲಿಲ್ಲ. ಪ್ರಬಂಧ ಕೊಡೋ ದಿನ ಹತ್ರ ಬಂದಿತ್ತು. ಅದಕ್ಕೇ ಕ್ಯಾಂಟೀನ್‌ನಲ್ಲಿ ಕೂತು..."

"ಕೂತು?"

"ತುಂಬಿಸಿದ್ವಿ. ಎಲ್ಲರೂ ಹಾಗೇ ಮಾಡೋದು ಸಾರ್. ಒಬ್ಬ ಪ್ರಶ್ನೆ ಕೇಳ್ತಾನೆ, ಒಬ್ಬ ಆಯಾ ಆಗಿ ಉತ್ತರ ಹೇಳ್ತಾನೆ. ನಾನೇ ಮೂರು ಜನ ವಿಧವೆಯರಾಗಿದ್ದೆ."

ದಫೇದಾರನಿಗೆ ನಗು ತಡೆಯಲಾಗಲಿಲ್ಲ. ಇನ್‌ಸ್ಪೆಕ್ಟರ್ ನಗಲಿಲ್ಲ.

"ಈ ಆರನೆಯವಳು? ಬಟ್ಟೆ ಒಗೆಯೋ ವಿಭಾಗ, ದಾದಿ ತರಬೇತಿಯ ಮಗಳು. ಇದೂ ಕ್ಯಾಂಟೀನ್‌ನಲ್ಲಿ ಹುಟ್ಟಿದ್ದಾ?"

"ಇಲ್ಲ ಸಾರ್. ಅವರು ನಿಜವಾಗಿ ಇದ್ದರು. ಸಂದರ್ಶಕರ ಕೋಣೇಲಿ ಕಾಯ್ತಾ ಕೂತಿದ್ದಾಗ ನೀರು ತಂದುಕೊಟ್ರು. ‘ಬಿಸಿಲಲ್ಲಿ ಬಂದಿದ್ದೀಯ, ಕುಡಿ ಮಗಾ’ ಅಂದ್ರು. ನನಗೂ ನಿನ್ನಷ್ಟೇ ದೊಡ್ಡ ಮಗಳಿದ್ದಾಳೆ, ದಾದಿ ಆಗ್ತಾಳೆ ಅಂದ್ರು. ತಾನು ಮೊದಲು ಬಟ್ಟೆ ಒಗೀತಿದ್ದೆ ಅಂದ್ರು. ಎಲ್ಲಾ ಸುಳ್ಳೇ ಬರೆದ್ರೆ ಗೊತ್ತಾಗಿಬಿಡುತ್ತೆ ಅಂತ ಒಬ್ಬರದ್ದಾದ್ರೂ ನಿಜ ಇರಲಿ ಅಂತ..."

"ಹಾಲು, ನಿದ್ದೆ ಮದ್ದು ಎಲ್ಲ ಅವಳು ಹೇಳಿದ್ದಾ?"

"ಅವರು ಏನೂ ಹೇಳಲಿಲ್ಲ ಸಾರ್. ನೀರು ಕೊಟ್ಟರು, ಅಷ್ಟೇ."

ಬೆಳಿಗ್ಗೆ ಶವಾಗಾರದ ಬೆಂಚಿನ ಮೇಲೆ ಕೂತಿದ್ದ ಸತ್ತವಳ ಮಗಳು ಇನ್‌ಸ್ಪೆಕ್ಟರನ ಕಣ್ಮುಂದೆ ಬಂದಳು. ಅವಳು ಅತ್ತಿರಲಿಲ್ಲ. "ನಮ್ಮಮ್ಮ ಅಂಥದ್ದೇನು ಹೇಳಿದ್ಲು ಸಾರ್?" ಎಂದು ಮಾತ್ರ ಕೇಳಿದ್ದಳು. ಈಗ ಅವಳಿಗೆ ಕೊಡಬೇಕಾದ ಉತ್ತರ ಇದು.

"ಹೆಸರು ಬರೆದಿಲ್ಲ ಸಾರ್," ಗಿಣಿ ಅವಸರದಲ್ಲಿ ಹೇಳಿದ. "ಹೆಸರು ಬಿಟ್ಟು ಉಳಿದ ವಿವರ ಎಲ್ಲ ಬರೀಬೇಕು. ಅದು ನಿಯಮ."

"ಒಳ್ಳೆ ನಿಯಮ. ಮುಖಕ್ಕೆ ಸೆರಗು ಹೊದಿಸಿ, ಆ ಸೆರಗಿನ ಮೇಲೆ ಅದೇ ಮುಖದ ಚಿತ್ರ ಬರೆದ ಹಾಗೆ." ಇನ್‌ಸ್ಪೆಕ್ಟರ್ ಪುಟವನ್ನು ಅವನ ಕಡೆ ತಿರುಗಿಸಿದ. "ಈ ಹಾಲಿನ ಮಾತು ಯಾರು ಬರೆದದ್ದು?"

"ನಾನಲ್ಲ. ದೇವರಾಣೆಗೂ ನಾನಲ್ಲ. ಮಾರ್ಗದರ್ಶಕಿ ಮೇಡಂ ತಿದ್ದಿ, ಅವರೇ ಅಚ್ಚಿಗೆ ಕಳಿಸಿದ್ರು. ನಾನು ಮೊದಲ ಸಲ ಓದಿದ್ದೇ ವೇದಿಕೆ ಮೇಲೆ."

"ಓದುವಾಗ ಏನನ್ನಿಸಿತು?"

ಸುಳ್ಳು ಹೇಳುವ ಶಕ್ತಿ ಗಿಣಿಯಲ್ಲಿ ಮುಗಿದಿತ್ತು.

"ಚೆನ್ನಾಗಿದೆ ಅನ್ನಿಸ್ತು ಸಾರ್. ನಾನೇ ಬರೆದಿರಬೇಕು ಅನ್ನಿಸ್ತು."

"ಮುಂದಿನ ಸಾಲಲ್ಲಿ ಯಾರು ಕೂತಿದ್ರು?"

"ಪ್ರಾಂಶುಪಾಲರು, ಇಬ್ಬರು ಡಾಕ್ಟರು, ಪತ್ರಿಕೆಯವರು. ಕೇಂದ್ರದ ಮೇಲ್ವಿಚಾರಕರು ಮುಖ್ಯ ಅತಿಥಿ. ಅವರೇ ಮೊದಲು ಚಪ್ಪಾಳೆ ತಟ್ಟಿದ್ದು. ಆಮೇಲೆ ಹತ್ರ ಬಂದು, ‘ತುಂಬಾ ಕಷ್ಟಪಟ್ಟಿದ್ದೀಯ, ನನಗೊಂದು ಪ್ರತಿ ಕೊಡು’ ಅಂದ್ರು. ಕೊಟ್ಟೆ. ಕೈ ಕುಲುಕಿದ್ರು."

ಗಿಣಿ ತನ್ನ ಬಲಗೈಯನ್ನು ನೋಡಿಕೊಂಡ. ಆಮೇಲೆ ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

"ಸಾರ್, ಸತ್ತಿದ್ದು ಆ ಅಮ್ಮನೇನಾ?"

"ಹೌದಪ್ಪಾ."

ಇನ್‌ಸ್ಪೆಕ್ಟರ್ ಎದ್ದ. ಸತ್ತವಳು ಮಾತಾಡಿರಲಿಲ್ಲ. ಹಾಗಾದರೆ ಮಾತಾಡಿದವಳು ಸತ್ತಿರಲಿಲ್ಲ. ಅವಳು ಇನ್ನೂ ಅದೇ ಕಟ್ಟಡದೊಳಗೆ, ಅದೇ ಮೆಟ್ಟಿಲು ಹತ್ತಿ ಇಳಿಯುತ್ತ ಇದ್ದಾಳೆ.

ಮಾರ್ಗದರ್ಶಕಿ ಅಧ್ಯಾಪಕಿಯ ಕೋಣೆ ಮೊದಲ ಮಹಡಿಯ ಕೊನೆಯಲ್ಲಿತ್ತು. ಮೇಜಿನ ಮೇಲೆ ಈ ವರ್ಷದ ಪ್ರಬಂಧಗಳ ಗುಡ್ಡೆ, ಕೈಯಲ್ಲಿ ಕೆಂಪು ಪೆನ್ನು. ನೆರೆತ ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದರು. ಇನ್‌ಸ್ಪೆಕ್ಟರನ ಸಮವಸ್ತ್ರ ಕಂಡು ಅವರು ಬೆದರಲಿಲ್ಲ. ಬನ್ನಿ ಎನ್ನುವಂತೆ ತಲೆ ಆಡಿಸಿದರು. ಅವನ ಹೆಗಲಾಚೆ ಬಾಗಿಲಲ್ಲಿ ನಿಂತ ದಫೇದಾರನ ಮುಖ ಕಂಡದ್ದೇ ತಡ, ಅರ್ಧ ಬರೆದ ಪದದ ಮೇಲೆ ಪೆನ್ನು ನಿಂತುಬಿಟ್ಟಿತು.

ಇನ್‌ಸ್ಪೆಕ್ಟರ್ ಹಿಂದೆ ತಿರುಗಿ ನೋಡಲಿಲ್ಲ. "ನೀವು ಜೀಪಿನ ಹತ್ರ ಇರಿ," ಎಂದ.

"ಹೇಳಿಕೆ ಬರ್ಕೊಳ್ಳೋಕೆ ಬೇಡವಾ ಸಾರ್?"

"ಬೇಡ. ಇವತ್ತು ನಾನೇ ಬರ್ಕೋತೀನಿ."

ಬೂಟಿನ ಸದ್ದು ಪಡಸಾಲೆಯ ತುದಿ ಮುಟ್ಟುವವರೆಗೂ ಅಧ್ಯಾಪಕಿ ಬಾಯಿ ಬಿಡಲಿಲ್ಲ.

"ಹುಡುಗ ಹೇಳಿಬಿಟ್ಟನಾ?"

"ಹಾಲಿನ ಮಾತು ತನ್ನದಲ್ಲ ಅಂದ."

"ಅವನದಲ್ಲ. ನಾನು ಸೇರಿಸಿದ್ದು." ದನಿಯಲ್ಲಿ ಅಳುಕಿರಲಿಲ್ಲ. "ಆ ಕಿಟಕಿ ಪಕ್ಕದ ಅಜ್ಜಿ ನನ್ನ ಚಿಕ್ಕಮ್ಮ. ಅಮ್ಮ ಹೋದ ಮೇಲೆ ನನ್ನ ಸಾಕಿದವಳು. ನಡೆಯೋಕೆ ಆಗ್ತಿರಲಿಲ್ಲ, ಆದ್ರೆ ಬಾಯಿ ಗಟ್ಟಿ ಇತ್ತು. ರಾತ್ರಿಯೆಲ್ಲ ನನ್ನ ಹೆಸರು ಕೂಗ್ತಿದ್ಲಂತೆ. ಕೂಗು ನಿಲ್ಲಿಸಿಬಿಟ್ರು."

"ಇದನ್ನ ನಿಮಗೆ ಹೇಳಿದ್ದು ಯಾರು?"

"ಹಾಲು ಕುಡಿಸಿದ ಕೈ. ಒಂದು ಸಂಜೆ ನಮ್ಮ ಮನೆಗೇ ಬಂದು, ನನ್ನ ಕಾಲ ಹತ್ರ ಕೂತು ಹೇಳಿದ್ಲು. ಬೆರೆಸೋವಾಗ ನಿದ್ದೆ ಮದ್ದು ಅಂತ ಗೊತ್ತಿತ್ತು, ಸಾಯೋ ಅಷ್ಟು ಅಂತ ಗೊತ್ತಿರಲಿಲ್ಲ ಅಂದ್ಲು. ಕ್ಷಮಿಸಿ ಅಂತ ಕೇಳಲಿಲ್ಲ. ಗೊತ್ತಿರಲಿ ಅಂತ ಹೇಳಿ ಹೋದ್ಲು."

"ಪೊಲೀಸಿಗೆ ಹೇಳಬೇಕಿತ್ತು ಮೇಡಂ. ಪ್ರಬಂಧದಲ್ಲಿ ತುರುಕೋದಾ?"

ಅಧ್ಯಾಪಕಿ ಮೊದಲ ಸಲ ನಕ್ಕರು. ನೋಡಲು ಕಷ್ಟವಾಗುವ ನಗು ಅದು.

"ಹೇಳಿದ್ದೆ. ನಿಮ್ಮ ಠಾಣೆಗೇ ಬಂದಿದ್ದೆ, ನೀವಿರಲಿಲ್ಲ. ಈಗ ಬಾಗಿಲಲ್ಲಿ ನಿಂತಿದ್ರಲ್ಲ, ಅವರೇ ಇದ್ರು. ಕುರ್ಚಿ ಕೊಟ್ಟು, ‘ಅಕ್ಕಾ ಕೂತ್ಕೊಳ್ಳಿ’ ಅಂದ್ರು. ಒಳಗಿನ ಒಬ್ಬ ಹೆಣ್ಣುಮಗಳು ಹೇಳಿದ್ದು ಅಂದೆ. ಹೆಸರು ಕೇಳಿದ್ರು. ಕೊಡಲಿಲ್ಲ. ಹೆಸರಿಲ್ಲದ ದೂರು ದೂರಲ್ಲ ಅಂತ ಕಳಿಸಿದ್ರು. ನಾನು ಮನೆ ಮುಟ್ಟೋ ಹೊತ್ತಿಗೆ ಮೇಲ್ವಿಚಾರಕನ ಫೋನು. ‘ಮೇಡಂ, ನಮ್ಮಲ್ಲಿ ಯಾರು ನಿಮಗೆ ಹಾಗೆ ಹೇಳಿದ್ದು?’ ಅಂತ."

ಇನ್‌ಸ್ಪೆಕ್ಟರನ ಹೆಂಡತಿ ತೀರಿಕೊಂಡ ದಿನ ಅವನ ಜೊತೆ ಹೆಗಲು ಕೊಟ್ಟವನು ಈ ದಫೇದಾರ. ಅವನ ನಗೆಚಾಟಿಕೆ ಇಲ್ಲದೆ ಠಾಣೆಯ ಒಂದು ದಿನವೂ ಕಳೆದಿರಲಿಲ್ಲ. ಬೇರೆ ಯಾರೋ ಕೇಳಿಸಿಕೊಂಡಿರಬಹುದು. ಗೋಡೆಗೂ ಕಿವಿ ಇರುತ್ತದೆ. ಹಾಗೆಂದುಕೊಂಡ. ಅವನ ಕಿವಿ ಅದನ್ನು ನಂಬಲಿಲ್ಲ.

"ಆಮೇಲೆ?"

"ಆಮೇಲೆ ಈ ಹುಡುಗನ ಪ್ರಬಂಧ ಬಂತು. ನಾನು ತಲೆ ನೆರೆಯೋ ತನಕ ಇವನ್ನೇ ತಿದ್ದಿದವಳು. ಕ್ಯಾಂಟೀನ್ ಉತ್ತರ ಯಾವುದು ಅಂತ ವಾಸನೆಯಿಂದಲೇ ಹೇಳ್ತೀನಿ. ಎಲ್ಲ ಸರ್ಕಾರಿ ಪತ್ರದ ಹಾಗೆ ಮಾತಾಡ್ತಾರೆ. ಪ್ರತಿ ವರ್ಷ ಒಬ್ಬಳು ವಿಧವೆ ಇರ್ತಾಳೆ, ನಾಲ್ಕನೇ ಕ್ಲಾಸು ಓದಿರ್ತಾಳೆ. ಇವಳೂ ಹಾಗೇ ಹುಟ್ಟಿದವಳು ಅಂದುಕೊಂಡೆ. ಡಾಕ್ಟರು, ಪತ್ರಿಕೆಯವರ ಮುಂದೆ ಈ ಮಾತು ಒಂದು ಸಲ ಗಟ್ಟಿಯಾಗಿ ಕೇಳಿದ್ರೆ ತನಿಖೆ ಆಗಲೇಬೇಕು. ಇಲ್ಲದವಳ ಬಾಯಲ್ಲಿ ಇಟ್ಟರೆ ಯಾರಿಗೂ ತೊಂದರೆ ಇಲ್ಲ. ಇಲ್ಲದವಳನ್ನ ಯಾರು ಏನು ಮಾಡೋಕಾಗುತ್ತೆ?"

ಇನ್‌ಸ್ಪೆಕ್ಟರ್ ತಡೆದ. ಹೇಳದೆ ಇರುವ ದಾರಿಯೇನಾದರೂ ಇದೆಯೇ ಎಂದು ಮನಸ್ಸು ಒಂದು ಕ್ಷಣ ತಡಕಾಡಿತು. ಇರಲಿಲ್ಲ.

"ಮೇಡಂ, ಆ ಆಯಾ ಸತ್ತದ್ದು ಯಾಕೆ ಅಂತ ನೀವು ತಿಳಿದಿದ್ದೀರಿ?"

"ಅವನು ಅಂದಾಜಿನ ಮೇಲೆ ಯಾರನ್ನೋ ಹಿಡಿದ. ತಪ್ಪಾಯ್ತು."

"ಅಂದಾಜಲ್ಲ. ಹುಡುಗ ಉತ್ತರ ಮಾತ್ರ ಹುಟ್ಟಿಸಿದ್ದು. ವಿವರ ನಿಜದ್ದು. ಸಂದರ್ಶಕರ ಕೋಣೇಲಿ ಅವನಿಗೆ ನೀರು ಕೊಟ್ಟ ಹೆಂಗಸಿನದ್ದು. ಬಟ್ಟೆ ಒಗೆಯೋದರಿಂದ ಆರೈಕೆಗೆ ಬಂದವಳು ಆ ಕೇಂದ್ರದಲ್ಲಿ ಒಬ್ಬಳೇ."

ಅಧ್ಯಾಪಕಿ ಅಲುಗಾಡಲಿಲ್ಲ. ಪೆನ್ನಿನ ತುದಿ ಕಾಗದದ ಮೇಲೆ ಒತ್ತಿಕೊಂಡೇ ಇತ್ತು. ಕೆಂಪು ಶಾಯಿ ಚುಕ್ಕೆಯಾಗಿ, ಚುಕ್ಕೆ ಕಾಸಗಲವಾಗಿ, ಯಾರದೋ ಒಂದು ಇಡೀ ಸಾಲನ್ನು ನುಂಗಿತು.

"ಆ ಹೆಂಗಸು ನಿಜವಾಗಿ ಇದ್ಲಾ?" ಎಂದರು ಕೊನೆಗೆ. "ನಾನು ಇದ್ದವಳ ಬಾಯಲ್ಲಿ ಇಟ್ಟೆನಾ?"

ಹೊರಗೆ ಗಂಟೆ ಹೊಡೆಯಿತು. ಪಡಸಾಲೆಯಲ್ಲಿ ಹುಡುಗಿಯರು ಯಾರದೋ ಜಡೆ ಹಿಡಿದೆಳೆದು ನಗುತ್ತ ಹೋದರು. ಇನ್‌ಸ್ಪೆಕ್ಟರ್ ಬಾಗಿಲು ಮುಚ್ಚಿ ಬಂದ.

"ಹಾಲು ಕುಡಿಸಿದವಳು ಈಗ ಹೇಗಿದ್ದಾಳೆ?"

"ಬೆಳಿಗ್ಗೆ ಫೋನ್ ಮಾಡಿದ್ಲು. ಪಿಸುಪಿಸು ಅಂತ. ‘ದೊಡ್ಡಕ್ಕ ನನ್ನ ಬದಲಿಗೆ ಹೋದ್ಲು’ ಅಂದ್ಲು. ಸತ್ತವಳು ಕೆಳಗಿನ ವಾರ್ಡಿನವಳಂತೆ, ಮೇಲಿನ ಹಾಲು ಮುಟ್ಟಿದ್ದೇ ಇಲ್ಲವಂತೆ. ಅದು ಮೇಲ್ವಿಚಾರಕನಿಗೆ ಈಗ ಹೊಳೆದಿದೆ. ಮೇಲಿನ ವಾರ್ಡಿನವರನ್ನ ಒಬ್ಬೊಬ್ಬರನ್ನೇ ಕರೆದು ಬಾಗಿಲು ಹಾಕ್ಕೊಂಡು ಕೇಳ್ತಿದ್ದಾನಂತೆ. ಮೊಬೈಲ್‌ಗಳನ್ನ ಕಿತ್ತಿಟ್ಟುಕೊಳ್ತಾರಂತೆ, ಇನ್ನು ಫೋನ್ ಮಾಡೋಕಾಗಲ್ಲ ಅಂದ್ಲು."

"ಓಡಿ ಬಾ ಅನ್ನಬೇಕಿತ್ತು."

"ಅಂದೆ. ಮೊದಲು ಓಡಿದವಳೇ ಸಿಕ್ಕಿಬೀಳೋದು ಅಕ್ಕಾ ಅಂದ್ಲು."

ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಎರಡೂ ಕೈ ಊರಿ ಬಾಗಿದ. "ಹೆಸರು ಹೇಳಿ. ಈಗಲೇ ಹೋಗಿ ಕರ್ಕೊಂಡು ಬರ್ತೀನಿ. ಅವಳು ಬಾಯಿ ಬಿಟ್ರೆ ಅವನು ಮುಗಿದ. ಬಿಡದೇ ಹೋದ್ರೆ ಅವಳು ಮುಗಿದಳು."

"ಎಲ್ಲಿಗೆ ಕರ್ಕೊಂಡು ಹೋಗ್ತೀರಿ?"

"ಠಾಣೆಗೆ."

"ನಿಮ್ಮ ಠಾಣೆಗಾ?"

ಅವನು ಮಾತು ಬದಲಿಸಿದ. "ಎಲ್ಲ ಹೆಂಗಸರನ್ನೂ ಒಟ್ಟಿಗೆ ಹೇಳಿಕೆಗೆ ಕರೆಸ್ತೀನಿ. ಯಾರ ಮೇಲೂ ಅನುಮಾನ ಬರಲ್ಲ."

"ಕರೆಸೋಕೆ ಯಾರನ್ನ ಕಳಿಸ್ತೀರಿ? ಹೇಳಿಕೆ ಬರ್ಕೊಳ್ಳೋದು ಯಾರು? ಜೀಪು ಓಡಿಸೋದು ಯಾರು, ಇನ್‌ಸ್ಪೆಕ್ಟರೇ?"

ಅಧ್ಯಾಪಕಿ ಎದ್ದು ಕಿಟಕಿಯ ಬಳಿ ಹೋದರು. ಕೈ ಸನ್ನೆ ಮಾಡಿ ಅವನನ್ನೂ ಕರೆದರು.

ಕೆಳಗೆ, ಮರದ ನೆರಳಲ್ಲಿ ಜೀಪು ನಿಂತಿತ್ತು. ಅದರ ಆಚೆ ಮಗ್ಗುಲಲ್ಲಿ ದಫೇದಾರ ಕಾಲೇಜಿಗೆ ಬೆನ್ನು ಹಾಕಿ ನಿಂತಿದ್ದ. ಕಿವಿಗೆ ಫೋನು. ಇನ್ನೊಂದು ಅಂಗೈಯನ್ನು ಬಾಯಿಗೆ ಮರೆ ಹಿಡಿದಿದ್ದ. ಹೆಂಡತಿಗೆ ಮಾಡಿರಬಹುದು. ಮಗಳ ಮದುವೆಯ ಮಾತಿರಬಹುದು. ಆದರೆ ಜೋಕು ಹೇಳಿ ಗಹಗಹಿಸದೆ ಆ ಮನುಷ್ಯ ಫೋನಿನಲ್ಲಿ ಮಾತಾಡಿದ್ದನ್ನು ಇನ್‌ಸ್ಪೆಕ್ಟರ್ ಈವರೆಗೆ ಕಂಡಿರಲಿಲ್ಲ.

ಕೇಳಿಸಿಕೊಳ್ಳುವುದೇ ಬಾಳುವೆಯಾದವನಿಗೆ ಆ ಒಂದು ಮಾತು ಕೇಳಿಸಲಿಲ್ಲ.

"ನಾನೊಬ್ಬನೇ ಹೋಗ್ತೀನಿ," ಎಂದ. ತನ್ನ ದನಿ ತನಗೇ ಬೇಡುವವನ ದನಿಯಂತೆ ಕೇಳಿತು. "ಜೀಪು ಬೇಡ, ಸಮವಸ್ತ್ರ ಬೇಡ. ಹಿಂದಿನ ಬಾಗಿಲಿಂದ ಇಳಿದು ಹೋಗ್ತೀನಿ. ನನ್ನ ಅಜ್ಜಿ ಆಣೆ ಮೇಡಂ, ಈ ಬಾಯಿಂದ ಆ ಹೆಸರು ಆಚೆ ಬರಲ್ಲ. ಹೇಳಿ. ಇನ್ನೊಂದು ಹೆಣ ಎತ್ತೋಕೆ ನನ್ನ ಕೈಲಿ ಆಗಲ್ಲ."

ಅಧ್ಯಾಪಕಿ ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಅಲ್ಲಿ ಸುಳ್ಳಿಲ್ಲವೆಂದು ಅವರಿಗೆ ಗೊತ್ತಾಯಿತು. ಹಾಗೆ ಗೊತ್ತಾದದ್ದು ಅವನಿಗೂ ಗೊತ್ತಾಯಿತು.

"ಒಬ್ಬಳ ಗುರುತನ್ನ ಗೊತ್ತಿಲ್ಲದೆ ಕೊಟ್ಟೆ," ಎಂದರು. "ಅವಳ ಮಗಳು ಬದುಕಿರೋ ತನಕ ಅದನ್ನ ನಾನು ಹೊರಬೇಕು. ಗೊತ್ತಿದ್ದೂ ಇನ್ನೊಬ್ಬಳದನ್ನ ಕೊಡಲಾ? ನೀವು ಒಳ್ಳೆಯವರೇ ಇರಬಹುದು. ಹುಡುಗನೂ ಒಳ್ಳೆಯವನೇ. ನಾನೂ ಒಳ್ಳೇದೇ ಮಾಡೋಕೆ ಹೊರಟಿದ್ದೆ."

ಕಿಟಕಿಯ ಪರದೆಯನ್ನು ಎಳೆದು, ಬಾಗಿಲ ಕಡೆ ಕೈ ತೋರಿಸಿದರು.

"ಹೇಳೋದಿಲ್ಲ. ಯಾರು ಕೇಳಿದ್ರೂ ಹೇಳೋದಿಲ್ಲ. ನಿಮಗೂ ಹೇಳೋದಿಲ್ಲ."